ಭಾರದ ಬೋಟ್ ಎಳೆಯೋಕೆ ಎಂಥ ಗಾಡಿ ಬೇಕು?

ಬೇಸಿಗೆ ಹತ್ತಿರ ಬಂತು ಅಂದ್ರೆ ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬರುತ್ತದೆ. "ಎರಡು ಮನೆಯವರು ಸೇರಿ ಒಂದು ಬೋಟ್ ತಗೊಳ್ತಿದ್ದೀವಿ. ನಮ್ಮ ಟೊಯೋಟಾ ಹೈಲ್ಯಾಂಡರ್ ಎಳೆಯುತ್ತೆ ಅಲ್ವಾ? 5,000 ಪೌಂಡ್ ಅಂತ ಬರೆದಿದೆ." ಬೋಟಿನ ತೂಕ ಎಷ್ಟು ಅಂತ ಕೇಳಿದರೆ, "5,500 ಇರಬೇಕು, ಅಷ್ಟು ಹೆಚ್ಚುಕಮ್ಮಿ ನಡೆಯುತ್ತೆ ಬಿಡಿ" ಎನ್ನುತ್ತಾರೆ.

ನಡೆಯುವುದಿಲ್ಲ. ಮೊದಲನೆಯದಾಗಿ ಆ 5,500 ಬೋಟಿನ ನಿಜವಾದ ತೂಕ ಅಲ್ಲ. ಎರಡನೆಯದಾಗಿ ಗಾಡಿಯ ಜಾಹೀರಾತಿನಲ್ಲಿರುವ ಎಳೆಯುವ ತಾಕತ್ತಿನ ಅಂಕಿ, ಅಂದರೆ ಟೋ ರೇಟಿಂಗ್, ನಿಮ್ಮ ಮನೆಯ ಗಾಡಿಯದ್ದೂ ಅಲ್ಲ, ನಿಮ್ಮ ಸಂಸಾರದ್ದೂ ಅಲ್ಲ. ಬೋಟ್ ಎಳೆಯೋ ಗಾಡಿ ಆರಿಸುವಾಗ ನೋಡಬೇಕಾದ ಮುಖ್ಯ ಅಂಕಿ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಒಂದು ಚಿಕ್ಕ ಸ್ಟಿಕರ್ ಮೇಲಿರುತ್ತದೆ. ಡೀಲರ್ ಅದನ್ನು ತಾನಾಗಿ ತೋರಿಸೋದು ಕಮ್ಮಿ. ಈ ಬರಹದ ಮುಕ್ಕಾಲು ಪಾಲು ಆ ಸ್ಟಿಕರ್ ಸುತ್ತಲೇ ಇದೆ.

ಮೊದಲು ಬೋಟಿನ ತೂಕ ಸರಿ ಮಾಡಿಕೊಳ್ಳೋಣ. ಬ್ರೋಷರ್‌ನಲ್ಲಿ ಕೊಡುವುದು ಡ್ರೈ ವೇಟ್. ಪೆಟ್ರೋಲ್ ಇಲ್ಲ, ನೀರಿಲ್ಲ, ಸಾಮಾನಿಲ್ಲ. ಹಿಂದೆ ಎಂಜಿನ್ ನೇತುಹಾಕುವ ಔಟ್‌ಬೋರ್ಡ್ ಬೋಟ್ ಆದರೆ ಎಷ್ಟೋ ಸಲ ಎಂಜಿನ್ ತೂಕವೂ ಅದರಲ್ಲಿ ಸೇರಿರುವುದಿಲ್ಲ. ಟ್ರೈಲರ್ ತೂಕವಂತೂ ಬಹುಪಾಲು ಬೇರೆಯೇ. ಒಂದು 23 ಅಡಿಯ ವೇಕ್ ಬೋಟ್ ಅಂತ ಇಟ್ಟುಕೊಳ್ಳಿ, ಮಕ್ಕಳು ಹಿಂದೆ ಹಲಗೆ ಮೇಲೆ ನಿಂತು ಅಲೆ ಹತ್ತುತ್ತಾರಲ್ಲ, ಆ ಥರದ್ದು. ಡ್ರೈ ವೇಟ್ 5,500 ಪೌಂಡ್. ಟ್ಯಾಂಕ್ 60 ಗ್ಯಾಲನ್, ಒಂದು ಗ್ಯಾಲನ್ ಪೆಟ್ರೋಲ್ ಸುಮಾರು 6 ಪೌಂಡ್ ತೂಗುತ್ತದೆ, ಅಲ್ಲಿಗೆ 360. ಎರಡು ಆಕ್ಸಲ್‌ನ, ಅಂದರೆ ಎರಡು ಜೊತೆ ಚಕ್ರದ ಟ್ರೈಲರ್ 1,700. ಲಂಗರು, ಹಗ್ಗ, ಲೈಫ್ ಜಾಕೆಟ್, ಹಲಗೆಗಳು, ಐಸ್ ಪೆಟ್ಟಿಗೆ, ಎರಡನೇ ಬ್ಯಾಟರಿ ಎಲ್ಲ ಸೇರಿ ಒಂದು 350. ಒಟ್ಟು 7,910 ಪೌಂಡ್. ಕಿಲೋ ಲೆಕ್ಕದಲ್ಲಿ ಸುಮಾರು 3,590. ಇದು ಉದಾಹರಣೆಗೆ ಕಟ್ಟಿದ ಲೆಕ್ಕ, ನಿಮ್ಮ ಬೋಟಿನ ಅಂಕಿಗಳನ್ನು ನೀವು ಹಾಕಿಕೊಳ್ಳಬೇಕು. ಆದರೆ ಬ್ರೋಷರ್ ತೂಕಕ್ಕೂ ರಸ್ತೆ ಮೇಲಿನ ತೂಕಕ್ಕೂ ಎರಡು ಸಾವಿರ ಪೌಂಡ್ ಮೀರಿ ವ್ಯತ್ಯಾಸ ಬರುವುದು ಮಾಮೂಲಿ.

ವೇಕ್ ಬೋಟಿನಲ್ಲಿ ಇನ್ನೊಂದು ವಿಷಯ ಇದೆ. ಅಲೆ ದೊಡ್ಡದಾಗಲಿ ಅಂತ ಹೊಟ್ಟೆಯೊಳಗಿನ ಬ್ಯಾಲಸ್ಟ್ ಟ್ಯಾಂಕುಗಳಿಗೆ ನೀರು ತುಂಬುತ್ತಾರೆ. ಒಂದು ಗ್ಯಾಲನ್ ನೀರು 8.3 ಪೌಂಡ್. 300 ಗ್ಯಾಲನ್ ತುಂಬಿದರೆ ಸುಮಾರು 2,500 ಪೌಂಡ್! ಕೆರೆಯಿಂದ ಬೋಟ್ ಮೇಲೆತ್ತುವ ಮೊದಲು ಅದನ್ನು ಪೂರ್ತಿ ಖಾಲಿ ಮಾಡಲೇಬೇಕು. ಮಸೆಲ್ ಚಿಪ್ಪುಹುಳ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹರಡದಂತೆ ಕೂಡ ಇದು ಬೇಕು. ಬೆಟ್ಟದ ಮೇಲಿನ ದೊಡ್ಡ ಕೆರೆ ಲೇಕ್ ಟಾಹೋದಲ್ಲಿ ಬೋಟ್ ತಪಾಸಣೆ ಆಗದೆ ನೀರಿಗೆ ಇಳಿಸಲು ಬಿಡುವುದೇ ಇಲ್ಲ.

ಈಗ ಗಾಡಿಗೆ ಬರೋಣ. ನಮ್ಮವರ ಮನೆ ಮುಂದೆ ನಿಂತಿರುವ ಗಾಡಿಗಳು ಹೆಚ್ಚಾಗಿ ಯಾವುವು? ಸಿಯೆನಾ, ಒಡಿಸ್ಸಿ, ಮಾಡೆಲ್ ವೈ, ಹೈಲ್ಯಾಂಡರ್, ಪೈಲಟ್. ಮೊದಲ ಮೂರಕ್ಕೂ ಹೆಚ್ಚೆಂದರೆ 3,500 ಪೌಂಡ್. ಪೆಟ್ರೋಲ್ ಹೈಲ್ಯಾಂಡರ್ 5,000, ಅದೇ ಹೈಬ್ರಿಡ್ ಆದರೆ ಮತ್ತೆ 3,500. ನಾಲ್ಕೂ ಚಕ್ರ ತಿರುಗುವ ಪೈಲಟ್ 5,000, ಮುಂದಿನ ಚಕ್ರ ಮಾತ್ರ ತಿರುಗುವುದಾದರೆ 3,500. ಮೀನು ಹಿಡಿಯುವ ಚಿಕ್ಕ ಅಲ್ಯೂಮಿನಿಯಂ ಬೋಟಿಗೆ, ಎರಡು ಜೆಟ್ ಸ್ಕೀಗೆ ಇವು ಚೆನ್ನಾಗಿಯೇ ಸಾಕು. ನಮ್ಮ ಲೆಕ್ಕದ 7,910 ಪೌಂಡಿಗೆ ಇವುಗಳ ಮಾತೇ ಎತ್ತಬಾರದು. ಹಾಗಾದರೆ ಫ್ರೇಮ್ ಮೇಲೆ ಬಾಡಿ ಕೂರಿಸಿದ ದೊಡ್ಡ ಗಾಡಿಯೇ ಬೇಕು. ಎಫ್-150, ಸಿಲ್ವರಾಡೊ 1500, ರ‍್ಯಾಮ್ 1500, ಟಂಡ್ರಾ ತರಹದ ಹಾಫ್ ಟನ್ ಟ್ರಕ್‌ಗಳು, ಇಲ್ಲವೇ ಶೆವರ್ಲೆ ಟಾಹೋ, ಎಕ್ಸ್‌ಪೆಡಿಶನ್, ಸಿಕೋಯಾ ತರಹದ ದೊಡ್ಡ ಎಸ್‌ಯುವಿಗಳು. ಅದಕ್ಕೂ ಮೇಲೆ ಎಫ್-250, ಸಿಲ್ವರಾಡೊ 2500, ರ‍್ಯಾಮ್ 2500, ಇವನ್ನು ತ್ರೀ ಕ್ವಾರ್ಟರ್ ಟನ್ ಎನ್ನುತ್ತಾರೆ. ಹೆಸರಿನಲ್ಲಿರುವ ಟನ್ ಹಳೇ ಕಾಲದ ಲೆಕ್ಕ, ಇವತ್ತಿನ ಟ್ರಕ್ ಅದಕ್ಕಿಂತ ಜಾಸ್ತಿಯೇ ಹೊರುತ್ತದೆ.

ಹಾಫ್ ಟನ್ ಟ್ರಕ್‌ಗಳ ಜಾಹೀರಾತಿನಲ್ಲಿ 11,000, 12,000 ಪೌಂಡ್ ಎಳೆಯುತ್ತದೆ ಅಂತ ಇರುತ್ತದೆ. ಸುಳ್ಳಲ್ಲ. ಆದರೆ ಆ ಅಂಕಿ ಹೇಗೆ ಬಂತು ಅಂತ ತಿಳಿದರೆ ಯಾರಿಗೆ ಅನ್ವಯಿಸುತ್ತದೆ ಅನ್ನೋದೂ ತಿಳಿಯುತ್ತದೆ. ಮೊದಲು ಒಂದೊಂದು ಕಂಪನಿ ತನಗೆ ತೋಚಿದ ಹಾಗೆ ಪರೀಕ್ಷೆ ಮಾಡಿ ಅಂಕಿ ಹಾಕುತ್ತಿತ್ತು. ಆಮೇಲೆ ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯ ಜೆ2807 ಅನ್ನುವ ಒಂದೇ ಅಳತೆಗೋಲು ಬಂತು. 2011ರ ಮಾಡೆಲ್‌ಗಳಿಂದ ಟೊಯೋಟಾ ಮೊದಲು ಅದನ್ನು ಒಪ್ಪಿತು, ಉಳಿದವರು ನಿಧಾನವಾಗಿ ಹಿಂದೆ ಬಂದರು. ಇದರ ಒಂದು ಪರೀಕ್ಷೆ ಅರಿಜೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ ನಡೆಯುತ್ತದೆ. ಸುಡುಬಿಸಿಲು, ಎಸಿ ಪೂರ್ತಿ ಹಾಕಿರಬೇಕು, 11.4 ಮೈಲಿ ಏರಬೇಕು, ಮಾಮೂಲಿ ಪಿಕಪ್ ಆದರೆ ವೇಗ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಪರೀಕ್ಷೆ ಕಠಿಣವೇ. ಆದರೆ ಗಾಡಿಯೊಳಗೆ ಎಷ್ಟು ಜನ ಅಂದುಕೊಂಡಿರುತ್ತಾರೆ ಗೊತ್ತಾ? ಇಬ್ಬರು. ತಲಾ 150 ಪೌಂಡ್. ಅಷ್ಟೇ. ನಾವು ಹೋಗುವುದು ಹಾಗಾ? ಅಪ್ಪ ಅಮ್ಮ ಊರಿಂದ ಬಂದಿರುತ್ತಾರೆ, ಎರಡು ಮಕ್ಕಳು, ಚಿತ್ರಾನ್ನದ ಡಬ್ಬ, ಮಡಚುವ ಕುರ್ಚಿಗಳು, ಗ್ರಿಲ್. ಜೊತೆಗೆ ಆ ದೊಡ್ಡ ಅಂಕಿ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಎಂಜಿನ್, ನಿರ್ದಿಷ್ಟ ಆಕ್ಸಲ್ ಮತ್ತು ಟೋ ಪ್ಯಾಕೇಜ್ (ಎಳೆಯೋದಕ್ಕೆಂದೇ ಕಾರ್ಖಾನೆಯಲ್ಲಿ ಸೇರಿಸುವ ಭಾಗಗಳು) ಇರುವ ಸರಳ ಮಾಡೆಲ್‌ನದ್ದು. ಸನ್‌ರೂಫ್, ಲೆದರ್ ಸೀಟು, ಫೋರ್ ವೀಲ್ ಡ್ರೈವ್ ಎಲ್ಲ ಸೇರಿದಷ್ಟೂ ಗಾಡಿಯೇ ಭಾರವಾಗಿ ತಾಕತ್ತು ಕಮ್ಮಿಯಾಗುತ್ತಾ ಹೋಗುತ್ತದೆ.

ಬಾಗಿಲ ಸ್ಟಿಕರ್

ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲ ಪಕ್ಕದ ಕಂಬದ ಮೇಲೆ ಹಳದಿ-ಬಿಳಿ ಬಣ್ಣದ ಒಂದು ಸ್ಟಿಕರ್ ಇರುತ್ತದೆ, ಟೈರಿನ ಗಾಳಿ ಎಷ್ಟಿರಬೇಕು ಅಂತ ಬರೆದಿರುವುದೂ ಅದರಲ್ಲೇ. ಅದರ ಮೇಲೊಂದು ಸಾಲು: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು. ಇದೇ ಪೇಲೋಡ್. ಇದು ಆ ಮಾಡೆಲ್‌ನ ಸರಾಸರಿ ಅಲ್ಲ, ಕಾರ್ಖಾನೆಯಿಂದ ಹೊರಬಂದ ಆ ಒಂದು ಗಾಡಿಯ ಅಂಕಿ. ಪಕ್ಕದಲ್ಲಿ ನಿಂತಿರುವ ಅದೇ ಬಣ್ಣದ, ಅದೇ ಹೆಸರಿನ ಟ್ರಕ್‌ನಲ್ಲಿ ಇನ್ನೂರು ಮುನ್ನೂರು ಪೌಂಡ್ ಬೇರೆ ಇರಬಹುದು. ಅಲ್ಲೇ ಇನ್ನೊಂದು ಸ್ಟಿಕರ್‌ನಲ್ಲಿ ಗಾಡಿ ತುಂಬಿದ ಮೇಲೆ ಒಟ್ಟು ಎಷ್ಟು ತೂಗಬಹುದು, ಮುಂದಿನ ಆಕ್ಸಲ್ ಎಷ್ಟು ಹೊರಬಹುದು, ಹಿಂದಿನದು ಎಷ್ಟು ಅನ್ನೋದೂ ಇರುತ್ತದೆ. ಎರಡರ ಫೋಟೋನೂ ತೆಗೆದುಕೊಳ್ಳಿ.

ಬೋಟ್ ಗಾಡಿಯ ಹಿಂದೆ ಇರುತ್ತದೆ, ಗಾಡಿಯೊಳಗಿನ ತೂಕಕ್ಕೂ ಅದಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇರುವುದು ಟ್ರೈಲರಿನ ಮೂತಿಯಲ್ಲಿ. ಟ್ರೈಲರ್ ತನ್ನ ತೂಕವನ್ನೆಲ್ಲ ತನ್ನ ಚಕ್ರಗಳ ಮೇಲೆ ಹೊರುವುದಿಲ್ಲ, ಒಂದು ಪಾಲನ್ನು ಗಾಡಿಯ ಹಿಚ್, ಅಂದರೆ ಹಿಂದೆ ಟ್ರೈಲರ್ ಸಿಕ್ಕಿಸುವ ಕೊಂಡಿ, ಅದರ ಮೇಲೆ ಒತ್ತುತ್ತದೆ. ಅದಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಊರಲ್ಲಿ ಎತ್ತಿನ ಗಾಡಿ ಹೂಡಿದ್ದು ನೋಡಿದವರಿಗೆ ಇದು ಹೊಸದಲ್ಲ. ಹೊರೆ ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕುತ್ತಿಗೆಯ ಕಣ್ಣಿ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕುಸಿಯುತ್ತದೆ, ಅದಕ್ಕೇ ಹೊರೆ ಹೇರುವಾಗ ಸ್ವಲ್ಪವೇ ಮುಂಭಾರ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಟ್ರೈಲರಿಗೂ ಅದೇ ನಿಯಮ. ಸಾಮಾನ್ಯ ಟ್ರೈಲರಿಗೆ ಒಟ್ಟು ತೂಕದ ಶೇಕಡಾ 10ರಿಂದ 15 ಮೂತಿಯ ಮೇಲಿರಬೇಕು. ಬೋಟ್ ಟ್ರೈಲರುಗಳಲ್ಲಿ ಕೆಲವು ತಯಾರಕರು ಇದಕ್ಕಿಂತ ಕಮ್ಮಿಯನ್ನೂ ಒಪ್ಪುತ್ತಾರೆ, ಅವರ ಪುಸ್ತಕ ನೋಡಿ. ನಾನು 10 ಹಿಡಿದೇ ಲೆಕ್ಕ ಹಾಕುತ್ತೇನೆ.

ಈಗ ಕೂಡಿಸಿ. 7,910ರ ಶೇಕಡಾ 10, ಸುಮಾರು 790 ಪೌಂಡ್. ನೀವಿಬ್ಬರು 300. ಅಪ್ಪ ಅಮ್ಮ 280. ಎರಡು ಮಕ್ಕಳು 160. ಹಿಚ್ ಒಳಗೆ ತೂರಿಸುವ ಕಬ್ಬಿಣ ಮತ್ತು ಟ್ರೈಲರಿನ ಮೂತಿ ಕೂರುವ ಗುಂಡು, ಅಂದರೆ ಬಾಲ್, 40. ಊಟ, ಬ್ಯಾಗು, ಕುರ್ಚಿ 150. ಒಟ್ಟು 1,720. ಸ್ಟಿಕರ್ ಮೇಲೆ 1,550 ಅಂತ ಇದ್ದರೆ, ಚೆನ್ನಾಗಿ ಸಿಂಗರಿಸಿದ ಹಾಫ್ ಟನ್ ಟ್ರಕ್‌ನಲ್ಲಿ ಇಂಥ ಅಂಕಿ ಅಪರೂಪ ಏನಲ್ಲ, ನೀವು 170 ಪೌಂಡ್ ಮೀರಿದ್ದೀರಿ. ಟೋ ರೇಟಿಂಗ್ 11,000 ಇದ್ದ ಟ್ರಕ್, 7,910ಕ್ಕೇ ಸೋತಿತು. ಎಂಜಿನ್ ಸೋತಿಲ್ಲ. ಸ್ಪ್ರಿಂಗ್, ಟೈರು, ಹಿಂದಿನ ಆಕ್ಸಲ್ ಸೋತವು. ಅದರಲ್ಲೂ ಹಿಚ್ ಇರುವುದು ಹಿಂದಿನ ಚಕ್ರಕ್ಕಿಂತ ಇನ್ನೂ ಹಿಂದೆ. ಅಲ್ಲಿ 790 ಪೌಂಡ್ ಒತ್ತಿದರೆ ಮುಂದಿನ ಚಕ್ರಗಳ ಮೇಲಿನ ಭಾರ ಕಮ್ಮಿಯಾಗಿ, ಹಿಂದಿನ ಆಕ್ಸಲ್ ಮೇಲೆ 790ಕ್ಕಿಂತ ಜಾಸ್ತಿ ಬೀಳುತ್ತದೆ. ಸ್ಟೀರಿಂಗ್ ಹಗುರ ಹಗುರ ಅನ್ನಿಸುವುದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು, ಎರಡಕ್ಕೂ ಇದೇ ಕಾರಣ.

ಸರಿ, ಟಂಗ್ ವೇಟ್ ಕಮ್ಮಿ ಮಾಡಿದರಾಯಿತು, ಬೋಟನ್ನು ಟ್ರೈಲರ್ ಮೇಲೆ ಸ್ವಲ್ಪ ಹಿಂದೆ ಸರಿಸೋಣ ಅಂತ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಂಭಾರದ ಟ್ರೈಲರ್ ವೇಗ ಹೆಚ್ಚಿದಂತೆ ಬಾಲ ಆಡಿಸೋಕೆ ಶುರು ಮಾಡುತ್ತದೆ. ಪಕ್ಕದಲ್ಲಿ ದೊಡ್ಡ ಲಾರಿ ಹಾದು ಹೋದ ಗಾಳಿ ಸಾಕು. ಒಮ್ಮೆ ಜೋರಾಗಿ ಆಡಲು ಹತ್ತಿದರೆ ಎಳೆಯುವ ಗಾಡಿಯನ್ನೇ ತಿರುಗಿಸಿಬಿಡುತ್ತದೆ. ಹಾಗೇನಾದರೂ ಆದರೆ ಗಾಬರಿಯಲ್ಲಿ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗ್ ನೇರವಾಗಿ ಹಿಡಿದು ವೇಗ ತಾನಾಗಿ ಇಳಿಯಲು ಬಿಡಬೇಕು. ಚಕ್ರದಿಂದ ಚಕ್ರಕ್ಕೆ ಅಂತರ ಜಾಸ್ತಿ ಇರುವ ಉದ್ದನೆಯ ಗಾಡಿ ಇದಕ್ಕೆ ಚೆನ್ನಾಗಿ ತಡೆಯುತ್ತದೆ, ಗಿಡ್ಡ ಗಾಡಿ ಬೇಗ ಮಣಿಯುತ್ತದೆ. ಟೋ ರೇಟಿಂಗ್ ಹೊಂದಿದರೂ ಗಿಡ್ಡ ಎಸ್‌ಯುವಿ ಬೇಡ ಅಂತ ನಾನು ಹೇಳೋದು ಇದಕ್ಕೇ.

ಇನ್ನೊಂದು ಸ್ಟಿಕರ್ ಇದೆ, ಅದನ್ನು ನೋಡೋಕೆ ಮಂಡಿಯೂರಬೇಕು. ಗಾಡಿಯ ಹಿಂದೆ ಬಂಪರ್ ಕೆಳಗಿರುವ ಹಿಚ್ ರಿಸೀವರ್ ಮೇಲೆ ಎರಡು ಜೊತೆ ಅಂಕಿಗಳಿರುತ್ತವೆ. ಒಂದು ಸುಮ್ನೆ ಬಾಲ್ ಹಾಕಿ ಎಳೆದರೆ, ಇನ್ನೊಂದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿ ಎಳೆದರೆ. ಬಹಳಷ್ಟು ಹಾಫ್ ಟನ್ ಟ್ರಕ್‌ಗಳಲ್ಲಿ ಮೊದಲನೆಯದು 5,000 ಪೌಂಡ್ ಎಳೆತ, 500 ಪೌಂಡ್ ಟಂಗ್ ವೇಟ್, ಅಲ್ಲಿಗೇ ಮುಗಿಯಿತು. ಅದಕ್ಕಿಂತ ಮೇಲೆ ಹೋಗಬೇಕಾದರೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಲೇಬೇಕು. ಅದರಲ್ಲಿ ಎರಡು ಗಟ್ಟಿ ಸ್ಪ್ರಿಂಗ್ ಸರಳುಗಳಿರುತ್ತವೆ, ಹಿಂದೆ ಬಿದ್ದ ಭಾರದಲ್ಲಿ ಒಂದಷ್ಟನ್ನು ಅವು ಗಾಡಿಯ ಮುಂದಿನ ಚಕ್ರಗಳಿಗೂ ಟ್ರೈಲರಿನ ಚಕ್ರಗಳಿಗೂ ಹಂಚುತ್ತವೆ. ಕ್ಯಾಂಪಿಂಗ್ ಟ್ರೈಲರಿಗೆ ಇದು ಸಲೀಸು. ಬೋಟಿಗೆ ಅಷ್ಟು ಸಲೀಸಲ್ಲ. ಬೋಟ್ ಟ್ರೈಲರಿನ ಮೂತಿ ಎಷ್ಟೋ ಸಲ ಒಂಟಿ ತೊಲೆ, ಸರಳು ಕೂರಿಸಲು ಜಾಗವೇ ಇರುವುದಿಲ್ಲ. ಜೊತೆಗೆ ಬೋಟ್ ಟ್ರೈಲರಿನ ಬ್ರೇಕ್ (ಸರ್ಜ್ ಬ್ರೇಕ್, ಮುಂದೆ ಹೇಳುತ್ತೇನೆ) ಕೆಲಸ ಮಾಡುವ ರೀತಿಯೇ ಬೇರೆ, ಎಲ್ಲ ಬಗೆಯ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಅದರೊಂದಿಗೆ ಹೊಂದುವುದಿಲ್ಲ. ಡೀಲರ್ ಹತ್ತಿರ ಹೋದಾಗ "ಬೋಟ್, ಸರ್ಜ್ ಬ್ರೇಕ್" ಅಂತ ಬಾಯಿಬಿಟ್ಟು ಹೇಳಿ ಕೇಳಿ. ಸುಮ್ನೆ "8,000 ಪೌಂಡ್ ಎಳೆಯಬೇಕು" ಅಂದರೆ ಅವರು ಕ್ಯಾಂಪರ್ ಅಂದುಕೊಂಡು ಉತ್ತರ ಕೊಡುತ್ತಾರೆ.

ಬ್ರೇಕ್ ವಿಷಯ

ಬೋಟ್ ಟ್ರೈಲರ್ ಪ್ರತಿ ಸಲ ಚಕ್ರದವರೆಗೆ ನೀರಿಗೆ ಇಳಿಯುತ್ತದೆ. ಮಾಮೂಲಿ ಎಲೆಕ್ಟ್ರಿಕ್ ಬ್ರೇಕ್ ಹೀಗೆ ಮುಳುಗೆದ್ದರೆ ಬಾಳಿಕೆ ಬರುವುದಿಲ್ಲ. ಅದಕ್ಕೇ ಸರ್ಜ್ ಬ್ರೇಕ್ ಹಾಕುತ್ತಾರೆ. ಟ್ರೈಲರ್ ಮೂತಿಯೊಳಗೆ ಒಂದು ಹೈಡ್ರಾಲಿಕ್ ಸಿಲಿಂಡರ್. ನೀವು ಗಾಡಿಯ ಬ್ರೇಕ್ ಒತ್ತಿದಾಗ ಹಿಂದಿನ ಬೋಟ್ ಮುಂದಕ್ಕೆ ತಳ್ಳುತ್ತದೆ, ಆ ತಳ್ಳುವಿಕೆಯೇ ಸಿಲಿಂಡರ್ ಒತ್ತಿ ಟ್ರೈಲರಿನ ಚಕ್ರಗಳಿಗೆ ಬ್ರೇಕ್ ಹಾಕುತ್ತದೆ. ಸರಳ, ಗಟ್ಟಿ, ಟ್ರೈಲರ್ ಬ್ರೇಕ್ ನಡೆಸಲು ಗಾಡಿಯೊಳಗೆ ಬೇರೆ ಕಂಟ್ರೋಲರ್ ಬೇಡ. ಆದರೆ ರಿವರ್ಸ್ ಹಾಕಿ ಏರಿನ ಮೇಲೆ ತಳ್ಳಿದರೂ ಸಿಲಿಂಡರ್ ಒತ್ತುತ್ತದೆ, ಮನೆ ಮುಂದಿನ ಇಳಿಜಾರು ಡ್ರೈವ್‌ವೇ ಹತ್ತಿಸುವಾಗ ಟ್ರೈಲರ್ ಬ್ರೇಕ್ ಕಚ್ಚಿ ನಿಂತುಬಿಡುತ್ತದೆ. ಇದಕ್ಕಾಗಿ ರಿವರ್ಸ್ ಲೈಟಿನ ತಂತಿಯಿಂದ ಕರೆಂಟ್ ತೆಗೆದುಕೊಂಡು ಬ್ರೇಕ್ ಬಿಡಿಸುವ ಒಂದು ಸೊಲೆನಾಯ್ಡ್ ಇರುತ್ತದೆ. ಗಾಡಿಯ ಹಿಂದೆ ಟ್ರೈಲರಿನ ತಂತಿ ಸಿಕ್ಕಿಸುವ ಕನೆಕ್ಟರ್ ನಾಲ್ಕು ಪಿನ್ನಿನದಾದರೆ ಆ ತಂತಿ ಅದರಲ್ಲಿ ಇಲ್ಲ. ಐದು ಪಿನ್ ಅಥವಾ ಏಳು ಪಿನ್ ಬೇಕು. ಗಾಡಿ ಕೊಳ್ಳುವಾಗ ಹಿಂದೆ ಬಗ್ಗಿ ಪಿನ್ ಎಣಿಸಿ, ಎರಡು ನಿಮಿಷದ ಕೆಲಸ.

ಸರ್ಜ್ ಬ್ರೇಕಿನ ದೊಡ್ಡ ಕೊರತೆ ಉದ್ದನೆಯ ಇಳಿಜಾರಿನಲ್ಲಿ ಕಾಣುತ್ತದೆ. ಗೇರ್ ಇಳಿಸಿ ಎಂಜಿನ್‌ನಿಂದ ವೇಗ ಹಿಡಿದಾಗಲೂ ಬೋಟ್ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ಹಾಗಾಗಿ ಟ್ರೈಲರಿನ ಬ್ರೇಕ್ ಸ್ವಲ್ಪ ಸ್ವಲ್ಪ ಹಿಡಿದುಕೊಂಡೇ ಇದ್ದು ಕಾದು ಹೋಗುತ್ತದೆ. ಟ್ರೈಲರ್ ಬಾಲ ಆಡಿಸಿದಾಗ ಅದರ ಬ್ರೇಕ್ ಮಾತ್ರ ಹಾಕೋಣ ಅಂದರೂ ಆಗುವುದಿಲ್ಲ. ಅದಕ್ಕೇ ಭಾರದ ಬೋಟುಗಳಿಗೆ ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್ ಅನ್ನುವ ಬಗೆ ಇದೆ. ಪಂಪು ನೀರು ತಾಗದ ಹಾಗೆ ಮೂತಿಯ ಹತ್ತಿರ ಎತ್ತರದಲ್ಲಿ, ಚಕ್ರದಲ್ಲಿ ಡಿಸ್ಕ್ ಬ್ರೇಕ್, ಹಿಡಿತ ಗಾಡಿಯೊಳಗಿನ ಕಂಟ್ರೋಲರ್‌ನಲ್ಲಿ. ದುಬಾರಿ. ಆದರೂ 8,000 ಪೌಂಡ್ ಹತ್ತಿರದ ಬೋಟನ್ನು ಬೆಟ್ಟದ ಕಡೆ ಒಯ್ಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆಗ ಗಾಡಿಯಲ್ಲಿ ಏಳು ಪಿನ್ ಮತ್ತು ಈ ಬಗೆಗೆ ಹೊಂದುವ ಬ್ರೇಕ್ ಕಂಟ್ರೋಲರ್ ಇರಬೇಕು. ಟ್ರೈಲರಿಗೆ ಬ್ರೇಕೇ ಬೇಡ ಅನ್ನೋ ಮಾತಂತೂ ಇಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 3,000 ಪೌಂಡ್ ಆಸುಪಾಸಿನಲ್ಲೇ ಕಡ್ಡಾಯ ಆಗುತ್ತದೆ, ಕ್ಯಾಲಿಫೋರ್ನಿಯಾದಲ್ಲೂ ಬೋಟ್ ಟ್ರೈಲರಿಗೆ 3,000ಕ್ಕೇ.

ಬೆಟ್ಟ ಅಂದೆ. ಇಲ್ಲಿಂದ ಲೇಕ್ ಟಾಹೋಗೆ ಹೋಗುವವರು ಸ್ಯಾಕ್ರಮೆಂಟೋವರೆಗೆ ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲೇ ಇರುತ್ತಾರೆ. ಆಮೇಲೆ ಐ-80 ಹೆದ್ದಾರಿ ಹತ್ತುತ್ತಾ ಡಾನರ್ ಸಮಿಟ್ ಅನ್ನುವ ಘಟ್ಟದ ತುದಿಯಲ್ಲಿ 7,239 ಅಡಿ ಮುಟ್ಟುತ್ತದೆ, ಕೆರೆ ಇರುವುದೇ ಸುಮಾರು 6,225 ಅಡಿ ಎತ್ತರದಲ್ಲಿ. ಮೇಲೆ ಹೋದಷ್ಟೂ ಗಾಳಿ ತೆಳು. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇಕಡಾ 3ರಷ್ಟು ಬಲ ಕಳೆದುಕೊಳ್ಳುತ್ತದೆ, ಅಂದರೆ ಡಾನರ್ ಹತ್ತಿರ ಐದನೇ ಒಂದು ಪಾಲು ಮಾಯ. ಗಾಡಿ, ಜನ, ಬೋಟ್ ಎಲ್ಲ ಸೇರಿ ಮೀರಬಾರದ ಒಂದು ಒಟ್ಟು ತೂಕವನ್ನು ಕಂಪನಿಯವರು ಕೊಟ್ಟಿರುತ್ತಾರೆ. ಎತ್ತರದ ಊರಿಗೆ ಹೋಗುವಾಗ ಪ್ರತಿ ಸಾವಿರ ಅಡಿಗೆ ಅದರಿಂದ ಶೇಕಡಾ 2 ಕಳೆಯಿರಿ ಅಂತ ಫೋರ್ಡ್‌ನವರ ಟೋಯಿಂಗ್ ಕೈಪಿಡಿ ಹೇಳುತ್ತದೆ. ಟರ್ಬೋ ಎಂಜಿನ್‌ಗೆ ಈ ಕಾಟ ಬಹಳ ಕಮ್ಮಿ. ನೀವು ಫ್ಲಾರಿಡಾದಲ್ಲೋ ಹೂಸ್ಟನ್‌ನಲ್ಲೋ ಇದ್ದರೆ ಈ ಪ್ಯಾರಾ ಮರೆತುಬಿಡಿ, ಅಲ್ಲಿ ನೆಲ ಸಪಾಟು. ಇಲ್ಲಿರುವವರು ಮಾತ್ರ ಹತ್ತುವುದಕ್ಕಿಂತ ಇಳಿಯುವುದಕ್ಕೇ ಗಾಡಿ ಆರಿಸಿ. ಹತ್ತುವಾಗ ಬಲ ಸಾಲದಿದ್ದರೆ ನಿಧಾನ ಆಗುತ್ತೀರಿ, ಅಷ್ಟೇ. ಇಳಿಯುವಾಗ ಹಿಡಿತ ಸಾಲದಿದ್ದರೆ ಬೇರೆಯೇ ಕಥೆ. ಭಾರ ಎಳೆಯುವಾಗ ಬಳಸುವ ಟೋ/ಹಾಲ್ ಮೋಡ್ ಒತ್ತಿದರೆ ಗೇರ್ ತಾನಾಗಿ ಕೆಳಗಿಳಿದು ಎಂಜಿನ್ ತಡೆಯುತ್ತದೆ. ಭಾರದ ಟ್ರಕ್‌ಗಳ ಡೀಸೆಲ್ ಎಂಜಿನ್‌ನಲ್ಲಿ ಹೊಗೆ ಹೊರಹೋಗುವುದನ್ನು ತಡೆದು ವೇಗ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಕೂಡ ಇರುತ್ತದೆ, ಇಳಿಜಾರಿನಲ್ಲಿ ಅದರ ನೆಮ್ಮದಿಯೇ ಬೇರೆ.

ರ‍್ಯಾಂಪ್ ಮೇಲೆ ಏನಾಗುತ್ತದೆ ಅಂತಲೂ ನೋಡಿ, ಯಾಕಂದ್ರೆ ಗಾಡಿ ಸಾಕಾ ಸಾಲದಾ ಅಂತ ಎಲ್ಲರ ಮುಂದೆ ಗೊತ್ತಾಗುವುದು ಅಲ್ಲೇ. ಬೋಟ್ ಇಳಿಸುವ ರ‍್ಯಾಂಪ್ ಸಾಮಾನ್ಯವಾಗಿ ಶೇಕಡಾ 12ರಿಂದ 15 ಇಳಿಜಾರು. ನೀರಿನ ಅಂಚಿನಲ್ಲಿ ಹಸಿರು ಪಾಚಿ. ಗಾಡಿಯ ಹಿಂದಿನ ಚಕ್ರ ಸರಿಯಾಗಿ ಆ ಪಾಚಿಯ ಮೇಲೆ. ಸಂಜೆ ಬೋಟನ್ನು ಟ್ರೈಲರ್ ಮೇಲೆ ಹತ್ತಿಸಿದ್ದೀರಿ, ಅದರ ಮೈಯಿಂದ ನೀರು ಸುರಿಯುತ್ತಾ ರ‍್ಯಾಂಪ್ ಇನ್ನೂ ಒದ್ದೆ. ಮೇಲಕ್ಕೆ ಎಳೆಯಬೇಕು. ಮುಂದಿನ ಚಕ್ರ ತಿರುಗುವ ಗಾಡಿಯಾದರೆ, ಹಿಂದೆ ಬಿದ್ದ ಭಾರ ಅದೇ ಮುಂದಿನ ಚಕ್ರಗಳನ್ನು ಹಗುರ ಮಾಡಿರುತ್ತದೆ, ಅವು ಇದ್ದಲ್ಲೇ ಕಿರ್ರೆಂದು ತಿರುಗುತ್ತವೆ. ಹಿಂದಿನ ಚಕ್ರ ತಿರುಗುವ ಗಾಡಿಗೆ ಭಾರ ಸರಿಯಾದ ಜಾಗದಲ್ಲಿದೆ, ಆದರೆ ಪಾಚಿ ಮೇಲೆ ಅದೂ ಜಾರಬಹುದು. ಫೋರ್ ವೀಲ್ ಡ್ರೈವ್ ಇದ್ದು, ಅದರಲ್ಲೂ ಲೋ ಗೇರ್ ಇದ್ದರೆ ಉಸಿರು ಬಿಡದೆ ಮೇಲೆ ಬರುತ್ತದೆ. ಟೋ ರೇಟಿಂಗ್ ನೂರಿನ್ನೂರು ಪೌಂಡ್ ಕಮ್ಮಿಯಾದರೂ ಭಾರದ ಬೋಟಿಗೆ ಫೋರ್ ವೀಲ್ ಡ್ರೈವನ್ನೇ ತಗೊಳ್ಳಿ. ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು ಎರಡು ಟ್ರಕ್‌ನಲ್ಲೇ ಬಿದ್ದಿರಲಿ.

ಹಾಗಾದರೆ ಕೊನೆಗೆ ಯಾವ ಗಾಡಿ?

ನಮ್ಮ ಲೆಕ್ಕದ ಬೋಟ್, ಆರು ಜನ, ಬೆಟ್ಟದ ದಾರಿ, ಈ ಮೂರೂ ಇದ್ದರೆ ನನ್ನ ಉತ್ತರ ಪೆಟ್ರೋಲ್ ಎಂಜಿನ್‌ನ ತ್ರೀ ಕ್ವಾರ್ಟರ್ ಟನ್ ಟ್ರಕ್. ಹಿಚ್ ದಪ್ಪ, ವೇಟ್ ಡಿಸ್ಟ್ರಿಬ್ಯೂಷನ್ ರಗಳೆ ಇಲ್ಲದೆ ಈ ಟಂಗ್ ವೇಟ್ ತಡೆಯುತ್ತದೆ, ಪೇಲೋಡ್ ಧಾರಾಳ, ಬ್ರೇಕ್ ದೊಡ್ಡದು. ಡೀಸೆಲ್ ಎಳೆಯುವುದು ಇನ್ನೂ ಚೆನ್ನ, ನಿಜ. ಆದರೆ ಆ ಎಂಜಿನ್ನೇ ನೂರಾರು ಪೌಂಡ್ ಭಾರ, ಬೆಲೆ ಸಾವಿರಾರು ಡಾಲರ್ ಜಾಸ್ತಿ, ಎಂಜಿನ್ ಭಾರ ಪೇಲೋಡ್‌ನಿಂದಲೇ ಕಳೆಯುತ್ತದೆ. ದೊಡ್ಡ ಡೀಸೆಲ್ ಟ್ರಕ್‌ನ ಸ್ಟಿಕರ್ ನೋಡಿ ಪೆಟ್ರೋಲ್‌ನದಕ್ಕಿಂತ ಕಮ್ಮಿ ಇದೆಯಲ್ಲ ಅಂತ ಬೆರಗಾದವರು ಬಹಳ ಜನ. ವರ್ಷದಲ್ಲಿ ಬೇಸಿಗೆಯ ಕೆಲವು ವಾರ ಮಾತ್ರ ಎಳೆಯುವವರಿಗೆ ಅದು ಬೇಡ.

ನಾಲ್ಕೇ ಜನ, ಹತ್ತಿರದ ಕೆರೆ, ಆದರೆ ದಿನಾ ಆಫೀಸಿಗೂ ಶಾಲೆಗೂ ಅದೇ ಗಾಡಿ ಬೇಕು ಅಂದರೆ ಎಕ್ಸ್‌ಪೆಡಿಶನ್, ಸಿಕೋಯಾ ತರಹದವು ಒಳ್ಳೆಯವು, ಸರಿಯಾದ ಮಾಡೆಲ್ ಮತ್ತು ಟೋ ಪ್ಯಾಕೇಜ್ ಆರಿಸಿದರೆ 9,000 ಪೌಂಡ್ ಮೇಲೆ ರೇಟಿಂಗ್ ಇರುವವು ಸಿಗುತ್ತವೆ. ಇಲ್ಲೂ ಬಾಗಿಲ ಸ್ಟಿಕರ್, ಹಿಚ್ ಸ್ಟಿಕರ್ ಎರಡೂ ನೋಡಿ. ಎರಡು ಸಾಲು ಸೀಟಿನ (ಕ್ರೂ ಕ್ಯಾಬ್) ತ್ರೀ ಕ್ವಾರ್ಟರ್ ಟನ್ ಟ್ರಕ್ 20 ಅಡಿ ಮೀರಿ ಉದ್ದ ಇರುತ್ತದೆ, ಮನೆಯ ಗ್ಯಾರೇಜಿಗೆ ಹೋಗುವುದಿಲ್ಲ, ದೇವಸ್ಥಾನದ ಪಾರ್ಕಿಂಗ್‌ನಲ್ಲಿ ತಿರುಗಿಸೋದೂ ಕಷ್ಟ. ಮನೆಯಲ್ಲಿ ಇಬ್ಬರೂ ಓಡಿಸುವವರಾದರೆ ಇಬ್ಬರೂ ಓಡಿಸಿ ನೋಡಿಯೇ ತೀರ್ಮಾನ ಮಾಡಿ.

ಎಲೆಕ್ಟ್ರಿಕ್ ಟ್ರಕ್ ಬಗ್ಗೆ ನಮ್ಮವರಿಗೆ ಆಸೆ ಜಾಸ್ತಿ. ರಿವಿಯನ್ ಆರ್1ಟಿ 11,000 ಪೌಂಡ್, ಎಫ್-150 ಲೈಟ್ನಿಂಗ್ ಟೋ ಪ್ಯಾಕೇಜ್ ಜೊತೆ 10,000. ಬಲಕ್ಕೆ ಕೊರತೆಯೇ ಇಲ್ಲ, ಬೆಟ್ಟದ ತೆಳು ಗಾಳಿಯಲ್ಲೂ ಬಲ ಕುಗ್ಗುವುದಿಲ್ಲ, ರ‍್ಯಾಂಪ್ ಮೇಲೆ ಇಂಚಿಂಚಾಗಿ ಸರಿಯಲು ಇದಕ್ಕಿಂತ ಸೊಗಸಾದ ಗಾಡಿ ಇಲ್ಲ. ಆದರೆ ಭಾರದ ಬೋಟ್ ಕಟ್ಟಿದರೆ ಒಂದು ಚಾರ್ಜಿಗೆ ಹೋಗುವ ದೂರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಟಾಹೋಗೆ ಹೋಗುವಾಗ ಮಧ್ಯೆ ನಿಲ್ಲಿಸಲೇಬೇಕು, ಹೆಚ್ಚಿನ ಚಾರ್ಜರ್‌ಗಳ ಮುಂದೆ ಟ್ರೈಲರ್ ಸಮೇತ ನಿಲ್ಲಲು ಜಾಗ ಇಲ್ಲ, ಬೋಟ್ ಬಿಚ್ಚಿಟ್ಟು ಚಾರ್ಜ್ ಮಾಡಿ ಮತ್ತೆ ಕಟ್ಟಬೇಕು. ಮೂವತ್ತು ನಲವತ್ತು ಮೈಲಿಯೊಳಗೆ ಕೆರೆ ಇರುವವರು ಧೈರ್ಯವಾಗಿ ತಗೊಳ್ಳಬಹುದು.

ಹಳೇ ಟ್ರಕ್ ಕೊಳ್ಳುವವರು ಹಿಚ್ ಕಂಡ ತಕ್ಷಣ ಟೋ ಪ್ಯಾಕೇಜ್ ಇದೆ ಅಂತ ನಂಬಬೇಡಿ. ಹಿಚ್ ಯಾವ ಗ್ಯಾರೇಜಿನಲ್ಲಾದರೂ ಬೋಲ್ಟ್ ಹಾಕಿ ಕೂರಿಸುತ್ತಾರೆ. ಗೇರ್‌ಬಾಕ್ಸ್ ಎಣ್ಣೆ ತಣಿಸುವ ಕೂಲರ್, ದೊಡ್ಡ ರೇಡಿಯೇಟರ್, ಸರಿಯಾದ ಆಕ್ಸಲ್ ಅನುಪಾತ, ಬ್ರೇಕ್ ಕಂಟ್ರೋಲರ್, ಇವೆಲ್ಲ ಕಾರ್ಖಾನೆಯಿಂದಲೇ ಬಂದಿರಬೇಕು. ಗಾಡಿಯ ವಿಐಎನ್ ನಂಬರ್ ಕೊಟ್ಟರೆ ಡೀಲರ್ ಸರ್ವಿಸ್‌ನವರು ಯಾವ ಪ್ಯಾಕೇಜ್‌ನೊಂದಿಗೆ ಬಂದಿದೆ ಅಂತ ಹೇಳುತ್ತಾರೆ. ಏಳು ಪಿನ್ನಿನ ಮುಚ್ಚಳ ತೆಗೆದು ಹಸಿರು ಕಿಲುಬು ಹಿಡಿದಿದೆಯಾ ನೋಡಿ, ಕೆಳಗೆ ಬಗ್ಗಿ ಫ್ರೇಮಿನ ತುಕ್ಕು ನೋಡಿ. ಸಮುದ್ರದ ರ‍್ಯಾಂಪಿನಲ್ಲಿ ಮುಳುಗೆದ್ದ ಗಾಡಿಯನ್ನು ಉಪ್ಪು ತಿಂದಿರುತ್ತದೆ.

ಗಾಡಿ ಬಂದ ಮೇಲೆ ಒಮ್ಮೆ ನಿಜವಾಗಿ ತೂಗಿಸಿ. ದೊಡ್ಡ ಲಾರಿಗಳು ನಿಲ್ಲುವ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಮನೆಯವರನ್ನೆಲ್ಲ ಕೂರಿಸಿಕೊಂಡು, ಸಾಮಾನು ತುಂಬಿ, ಬೋಟ್ ಕಟ್ಟಿ ಅದರ ಮೇಲೆ ಹತ್ತಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್, ಮೂರಕ್ಕೂ ಬೇರೆ ಬೇರೆ ಹಲಗೆ. ಚೀಟಿ ಸಿಗುತ್ತದೆ. ಆಮೇಲೆ ಬೋಟ್ ಪಕ್ಕಕ್ಕೆ ಬಿಚ್ಚಿಟ್ಟು ಟ್ರಕ್ ಒಂದನ್ನೇ ತೂಗಿಸಿ. ಮೊದಲ ಚೀಟಿಯ ಎರಡು ಟ್ರಕ್ ಆಕ್ಸಲ್‌ಗಳ ಮೊತ್ತದಿಂದ ಎರಡನೇ ಚೀಟಿಯ ಮೊತ್ತ ಕಳೆದರೆ ಬರುವುದೇ ನಿಜವಾದ ಟಂಗ್ ವೇಟ್. ಮುಂದಿನ ಆಕ್ಸಲ್ ಎಷ್ಟು ಹಗುರವಾಯಿತು ಅನ್ನೋದೂ ಅದೇ ಚೀಟಿಗಳಲ್ಲಿ ಕಾಣುತ್ತದೆ. ಬಾಗಿಲ ಸ್ಟಿಕರ್‌ಗಳ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿ. ಟಂಗ್ ವೇಟ್ ಕಮ್ಮಿ ಇದ್ದರೆ ಟ್ರೈಲರಿನಲ್ಲಿ ಬೋಟಿನ ಮೂತಿ ಕಟ್ಟುವ ವಿಂಚ್ ಕಂಬ ಮುಂದಕ್ಕೆ ಸರಿಸಿ ಬೋಟನ್ನು ಮುಂದೆ ತರಬಹುದು, ಜಾಸ್ತಿ ಇದ್ದರೆ ಸ್ವಲ್ಪ ಹಿಂದೆ, ಆದರೆ ಮೂತಿಯ ಮೇಲೆ ಆ ಶೇಕಡಾ 10 ಉಳಿಯಲೇಬೇಕು. ಎರಡಿಂಚು ಸರಿಸಿದರೂ ವ್ಯತ್ಯಾಸ ಕಾಣುತ್ತದೆ.

ಕ್ಯಾಲಿಫೋರ್ನಿಯಾಕ್ಕೆ ಹೊಸಬರಿಗೆ ಒಂದೆರಡು ಮಾತು. ಇಲ್ಲಿ ಪಿಕಪ್ ಟ್ರಕ್ ಕೊಂಡರೆ ಮನೆ ಬಳಕೆಗೇ ಆದರೂ ಕಮರ್ಷಿಯಲ್ ಪ್ಲೇಟ್ ಬರುತ್ತದೆ, ಗಾಬರಿ ಬೇಡ. ಟ್ರೈಲರ್ ಎಳೆಯುವಾಗ ವೇಗದ ಮಿತಿ 55 ಮೈಲಿ. ಬೇ ಏರಿಯಾ ಸೇತುವೆಗಳ ಟೋಲ್ ಆಕ್ಸಲ್ ಲೆಕ್ಕದಲ್ಲಿ, ಟ್ರಕ್‌ನ ಎರಡು ಮತ್ತು ಟ್ರೈಲರಿನ ಎರಡು ಸೇರಿ ನಾಲ್ಕಕ್ಕೆ ಕೊಡಬೇಕು. 10,000 ಪೌಂಡ್ ರೇಟಿಂಗ್ ಒಳಗಿನ ಟ್ರೈಲರಿಗೆ ಮಾಮೂಲಿ ಕ್ಲಾಸ್ ಸಿ ಲೈಸೆನ್ಸ್ ಸಾಕು.

ಇಷ್ಟೆಲ್ಲ ಓದಿ, ಬೋಟ್ ಬೇಕು ಆದರೆ ಅಷ್ಟು ದೊಡ್ಡ ಟ್ರಕ್ ಬೇಡ ಅನ್ನಿಸಿದವರಿಗೂ ದಾರಿ ಇದೆ. ದೊಡ್ಡ ಕೆರೆಗಳ ಹತ್ತಿರದ ಮರೀನಾಗಳಲ್ಲಿ ಬೋಟನ್ನು ಅಲ್ಲೇ ಇಟ್ಟುಕೊಂಡು, ನೀವು ಫೋನ್ ಮಾಡಿದ ದಿನ ಅವರದೇ ಯಂತ್ರದಲ್ಲಿ ನೀರಿಗಿಳಿಸಿ, ಸಂಜೆ ಮೇಲೆತ್ತಿಡುವ ಸೇವೆ ಸಿಗುತ್ತದೆ. ತಿಂಗಳ ಬಾಡಿಗೆ ಕೇಳಿ ಮೊದಲು ದುಬಾರಿ ಅನ್ನಿಸುತ್ತದೆ. ಟ್ರಕ್ ಸಾಲದ ಕಂತು, ಇನ್ಶೂರೆನ್ಸ್, ಪೆಟ್ರೋಲ್ ಪಕ್ಕದಲ್ಲಿ ಬರೆದು ನೋಡಿ. ಒಂದೇ ಕೆರೆಗೆ ಹೋಗುವವರು, ಬೇಸಿಗೆಯಲ್ಲಿ ಮಾತ್ರ ಹೋಗುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಇರುವ ಹೈಲ್ಯಾಂಡರ್‌ನಲ್ಲೇ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಆರಾಮಾಗಿ ಕೆರೆಗೆ ಹೋಗಬಹುದು, ಬೋಟ್ ಅಲ್ಲಿ ನೀರಿನಲ್ಲಿ ಕಾಯುತ್ತಿರುತ್ತದೆ.